ಉಪ್ಪಿನ ಕೆರೆಗೆ ಹೋಗಿಬಂದದ್ದು

ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ



ಈ ಮೇಜಿನ ಹಿಂದೆ ನಿಂತು ಮಾತನಾಡುವುದು ನನಗೆ ಹೊಸದು. ಪತ್ರಿಕೆಗಳನ್ನು ಜೋಡಿಸಿಡುವುದು, ಹೋದ ಪುಸ್ತಕ ಹಿಂದಕ್ಕೆ ಬಂದಿತೇ ಎಂದು ರಿಜಿಸ್ಟರು ನೋಡುವುದು, ಕೊನೆಗೆ ದೀಪ ಆರಿಸಿ ಬೀಗ ಹಾಕುವುದು, ಇಷ್ಟೇ ಇಲ್ಲಿ ನನ್ನ ಕೆಲಸ. ವಾರದ ಉಳಿದ ಆರು ದಿನ ಲಾರೆನ್ಸ್ ರೋಡಿನ ಒಂದು ಬೇಳೆ ಗಿರಣಿಯಲ್ಲಿ ಮೂಟೆಗಳ ಲೆಕ್ಕ ಬರೆಯುತ್ತೇನೆ. ಓದಿದ್ದು ಮೆಟ್ರಿಕ್. ಹೀಗಿದ್ದರೂ ಕಾರ್ಯದರ್ಶಿಗಳು, "ಲಡಾಖಿಗೆ ಹೋಗಿಬಂದಿರಲ್ಲ, ನಾಲ್ಕು ಮಾತು ಹೇಳಿ" ಎಂದು ಅಪ್ಪಣೆ ಮಾಡಿದರು. ಅಪ್ಪಣೆಯನ್ನು ಮೀರಲಾರದೆ ನಿಂತಿದ್ದೇನೆ.

ನಮ್ಮ ಈ ಓಲ್ಡ್ ರಾಜಿಂದರ್ ನಗರ ದೇಶವಿಭಜನೆಯ ನಂತರ ನಿರಾಶ್ರಿತರಿಗಾಗಿ ಎದ್ದ ಬಡಾವಣೆ. ಇಂದು ಇದು ಪರೀಕ್ಷೆಗೆ ಓದುವ ಹುಡುಗರ ಊರು. ಇಲ್ಲಿ ಕೂತಿರುವ ವಿದ್ಯಾರ್ಥಿಗಳು 'ಶೀತ ಮರುಭೂಮಿ' ಎಂಬ ಮಾತನ್ನು ಭೂಗೋಳದ ಪುಸ್ತಕದಲ್ಲಿ ನೂರು ಸಲ ಓದಿರಬಹುದು. ಅವರಿಗೆ ತಿಳಿದದ್ದನ್ನು ನಾನು ಹೇಳಲಾರೆ. ನಮ್ಮಂಥ ಗುಮಾಸ್ತರು, ಕಾರ್ಮಿಕರು ಅಲ್ಲಿಗೆ ಹೋದರೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳುತ್ತೇನೆ.

ಕಳೆದ ಜುಲೈಯಲ್ಲಿ ಈ ವಾಚನಾಲಯದ ನಾವು ಐವರು ಹೊರಟೆವು. ಹನ್ನೊಂದು ದಿನದ ರಜೆ. ಮನಾಲಿಯಿಂದ ಮುಂದಕ್ಕೆ ಒಂದು ವಾಹನ, ಒಬ್ಬ ಚಾಲಕ, ಒಬ್ಬ ಲಡಾಖಿ ಮಾರ್ಗದರ್ಶಿ. ಖರ್ಚನ್ನು ಐದು ಪಾಲು ಮಾಡಿ ವರ್ಷವಿಡೀ ತಿಂಗಳು ತಿಂಗಳು ಕೂಡಿಟ್ಟಿದ್ದೆವು. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮನಾಲಿಯಲ್ಲಿ ಜಿನುಗು ಮಳೆ, ದೇವದಾರು ಮರಗಳು, ಹಸಿರು. ಅಲ್ಲಿಂದ ಮೇಲಕ್ಕೆ ಹೋದರೆ ಅಟಲ್ ಸುರಂಗ. ರೋಹ್ತಾಂಗ್ ಕಣಿವೆದಾರಿಯ ಅಡಿಯಲ್ಲಿ ಕೊರೆದು ೨೦೨೦ರ ಅಕ್ಟೋಬರಿನಲ್ಲಿ ತೆರೆದದ್ದು, ಉದ್ದ ೯ ಕಿಲೋಮೀಟರಿಗೆ ಸ್ವಲ್ಪ ಮೇಲೆ. ಈ ಕಡೆ ಮಳೆಯಲ್ಲಿ ಒಳಹೊಕ್ಕವರು ಆ ಕಡೆ ಬಿಸಿಲಿನಲ್ಲಿ ಹೊರಬಂದೆವು. ಬೆಟ್ಟಗಳ ಬಣ್ಣವೇ ಬೇರೆ, ಬೂದು ಮತ್ತು ಕಂದು. ನಮ್ಮಲ್ಲಿ ಘಟ್ಟದ ಪಶ್ಚಿಮಕ್ಕೆ ಮಳೆ ಸುರಿದು ಪೂರ್ವದ ಬಯಲುಸೀಮೆ ಬಾಯಾರುವುದಿಲ್ಲವೇ, ಇದೂ ಹಾಗೆಯೇ. ಹಿಮಾಲಯದ ದಕ್ಷಿಣದ ಮೈಗೆ ಮೋಡ ತನ್ನ ಕೊಡವನ್ನೆಲ್ಲ ಬರಿದು ಮಾಡಿಕೊಳ್ಳುತ್ತದೆ. ದಾಟಿ ಹೋದಾಗ ಅದರಲ್ಲಿ ನೀರಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಲೇಹದಲ್ಲಿ ಸುಮಾರು ೧೦೦ ಮಿಲಿಮೀಟರು. ಮರಳುಗಾಡೆಂದರೆ ಸೆಕೆ ಎಂದುಕೊಂಡಿದ್ದ ನಾನು ಸ್ವೆಟರಿನ ಮೇಲೆ ಸ್ವೆಟರು ತೊಟ್ಟು ಮರುಭೂಮಿ ನೋಡಿದೆ.

ಮೊದಲ ಜಗಳ ಜಿಸ್ಪಾ ಎಂಬ ಊರಿನಲ್ಲಿ ಆಯಿತು. ಅದರ ಎತ್ತರ ಸುಮಾರು ೩,೨೦೦ ಮೀಟರು. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ೧,೯೩೦ ಮೀಟರು. ಅಂದರೆ ನಾವು ಮಲಗಿದ ಹಾಸಿಗೆಯೇ ಅದಕ್ಕಿಂತ ಬಹಳ ಮೇಲೆ. ಅಲ್ಲಿ ಎರಡು ರಾತ್ರಿ ಇರಬೇಕೆಂದು ಮಾರ್ಗದರ್ಶಿ. ಮಾರನೆಯ ದಿನ ಮಾಡುವುದಕ್ಕೆ ಕೆಲಸವೇ ಇಲ್ಲ. ಹೊಳೆಯ ದಂಡೆಯಲ್ಲಿ ನಡೆಯುವುದು, ನೀರು ಕುಡಿಯುವುದು, ಸುಮ್ಮನೆ ಕೂರುವುದು. ನಾನು ಪುಸ್ತಕ ತೆರೆದು ಲೆಕ್ಕ ಹಾಕಿದೆ. ನಾವು ನೋಡಬೇಕಾಗಿದ್ದ ತ್ಸೊ ಕರ್ ಎಂಬ ಉಪ್ಪಿನ ಕೆರೆ ಲೇಹಕ್ಕೆ ಹೋಗುವ ದಾರಿಯ ಪಕ್ಕದಲ್ಲೇ ಇದೆ. ಅದನ್ನು ಬಿಟ್ಟು ಮುಂದೆ ಲೇಹಕ್ಕೆ ಹೋಗಿ, ಅಲ್ಲಿ ಎರಡು ದಿನ ಕೂತು, ಮತ್ತೆ ಸುಮಾರು ೧೫೦ ಕಿಲೋಮೀಟರು ಅದೇ ದಾರಿಯಲ್ಲಿ ಹಿಂದಕ್ಕೆ ಬರುವುದು ಎಂಥ ವಿವೇಕ? ದಾರಿಯಲ್ಲೇ ಕೆರೆಯ ಬಳಿ ತಂಗಿದರೆ ಎರಡು ದಿನ ಉಳಿಯಿತು, ಡೀಸೆಲ್ ಉಳಿಯಿತು. ನಾಲ್ವರೂ ನನ್ನ ಲೆಕ್ಕ ಸರಿ ಎಂದರು.

ಮಾರ್ಗದರ್ಶಿ ನಗುತ್ತಲೇ ಆಗದೆಂದ. "ನಿಮ್ಮ ಲೆಕ್ಕ ರಸ್ತೆಯದು, ನನ್ನದು ಎತ್ತರದ್ದು. ಹಗಲು ಎಷ್ಟು ಮೇಲೆ ಹೋದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ಲೇಹ ೩,೫೦೦ ಮೀಟರು. ಕೆರೆ ೪,೫೦೦ಕ್ಕೂ ಮೇಲೆ. ಒಂದೇ ದಿನಕ್ಕೆ ಸಾವಿರ ಮೀಟರಿಗೂ ಹೆಚ್ಚು ಮೇಲೆ ಹಾಸಿಗೆ ಹಾಸಲು ನಾನು ಬಿಡುವುದಿಲ್ಲ."

ಆಗ ನನಗದು ಅವನ ಹಟವೆಂದೇ ಕಂಡಿತು. ಅದರ ಕಾರಣವನ್ನು ಆಮೇಲೆ ವೈದ್ಯರಿಂದ ಕೇಳಿ, ಓದಿ ತಿಳಿದೆ. ಗಾಳಿಯಲ್ಲಿ ಪ್ರಾಣವಾಯುವಿನ ಪಾಲು ಎಲ್ಲಿಯೂ ಒಂದೇ, ನೂರಕ್ಕೆ ಸುಮಾರು ೨೧. ಆದರೆ ಮೇಲೆ ಹೋದಂತೆ ಗಾಳಿಯೇ ತೆಳುವಾಗುತ್ತದೆ. ಸಮುದ್ರದ ಮಟ್ಟದಲ್ಲಿ ಒಂದು ಉಸಿರಿಗೆ ನೂರು ಪಾಲು ಸಿಕ್ಕರೆ ಲೇಹದಲ್ಲಿ ಸುಮಾರು ೬೫, ತ್ಸೊ ಕರ್‌ನಲ್ಲಿ ೫೭ರ ಆಸುಪಾಸು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೆಲಸ ಅಷ್ಟೇ, ಕೂಲಿ ಅರ್ಧ. ದೇಹ ಮೊದಲು ಬೇಗ ಬೇಗ ಉಸಿರೆಳೆದು ಸರಿದೂಗಿಸಲು ನೋಡುತ್ತದೆ. ಆಮೇಲೆ ದಿನಗಳು ಕಳೆದಂತೆ ಹೊಂದಿಕೊಳ್ಳುತ್ತದೆ. ಆ ದಿನಗಳನ್ನು ಅದಕ್ಕೆ ಕೊಡಬೇಕು. ೩,೦೦೦ ಮೀಟರು ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು ಎನ್ನುತ್ತಾರೆ ವೈದ್ಯರು. ಆ ಪ್ರಸ್ಥಭೂಮಿಯಲ್ಲಿ ಮಲಗುವ ಊರುಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಇಲ್ಲದಿರುವುದರಿಂದ ಈ ಮಾತನ್ನು ಅಕ್ಷರಶಃ ನಡೆಸುವುದು ಕಷ್ಟ. ಆದ್ದರಿಂದಲೇ ಕೆಳಗೆ ಹೆಚ್ಚು ದಿನ ಕೂರಬೇಕು. ಈ ಕಾಯಿಲೆಯ ತಿಳಿವಳಿಕೆಯಲ್ಲಿ ನಮ್ಮ ದೇಶದ ಪಾಲೂ ದೊಡ್ಡದು: ಹಿಮಾಲಯದ ಎತ್ತರಕ್ಕೆ ಹೋಗಿ ಕಾಯಿಲೆ ಬಿದ್ದ ೧,೯೨೫ ಮಂದಿ ಭಾರತೀಯ ಸೈನಿಕರನ್ನು ಪರೀಕ್ಷಿಸಿ ಇಂದರ್ ಸಿಂಗ್ ಮತ್ತು ಸಂಗಡಿಗರು ೧೯೬೯ರಲ್ಲಿ ಪ್ರಕಟಿಸಿದ ಲೇಖನವನ್ನು ಜಗತ್ತಿನ ವೈದ್ಯರು ಓದಿದ್ದಾರೆ. ಗಟ್ಟಿಮುಟ್ಟಾದ ಯುವಕ ಸೈನಿಕರಿಗೂ ಬಂದ ಕಾಯಿಲೆ ಇದು. ನನಗೆ ಬಾರದೆಂದು ಯಾರೂ ಎದೆ ತಟ್ಟಿಕೊಳ್ಳುವಂತಿಲ್ಲ.

ಜಿಸ್ಪಾದಿಂದ ನಸುಕಿಗೆ ಮುಂಚೆ ಹೊರಟು ರಾತ್ರಿ ಲೇಹ ಸೇರಿದೆವು. ಬಾರಾಲಾಚಾ ಲಾ, ಸರ್ಚು, ಇಪ್ಪತ್ತೊಂದು ತಿರುವುಗಳ ಗಾಟಾ ಸುರುಳಿ, ಲಾಚುಂಗ್ ಲಾ, ಪಾಂಗ್, ಅದರಾಚೆ ಮೋರೆ ಎಂಬ ಚಪ್ಪಟೆ ಬಯಲು, ಕೊನೆಗೆ ೫,೩೦೦ ಮೀಟರಿನ ತಂಗ್ಲಾಂಗ್ ಲಾ. 'ಲಾ' ಎಂದರೆ ಬೆಟ್ಟ ದಾಟುವ ಕಣಿವೆದಾರಿ. ಆ ದಾರಿಯಲ್ಲಿ ನಾನು ಮರೆಯಲಾರದ್ದು ಬೆಟ್ಟಗಳಲ್ಲ, ರಸ್ತೆಯ ಕೆಲಸಗಾರರು. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕಲ್ಲು ಒಡೆಯುತ್ತಿದ್ದರು, ಡಾಂಬರು ಹಾಸುತ್ತಿದ್ದರು. ಗಡಿ ರಸ್ತೆ ಸಂಸ್ಥೆ ೧೯೬೦ರಲ್ಲಿ ಸ್ಥಾಪನೆಯಾಯಿತು. ಅದರ ಲಡಾಖಿನ ಕೆಲಸಕ್ಕೆ ಝಾರ್ಖಂಡದ ದುಮ್ಕಾ ಕಡೆಯಿಂದ ಆಳುಗಳು ಪ್ರತಿ ಬೇಸಗೆ ಬರುತ್ತಾರೆ. ಚಹಾಕ್ಕೆ ನಿಂತಾಗ ಒಬ್ಬ ಕೇಳಿದ: "ದೆಹಲಿಯವರೇ? ನಾನೂ ಎರಡು ವರ್ಷ ಅಲ್ಲಿ ಕಟ್ಟಡದ ಕೆಲಸ ಮಾಡಿದ್ದೆ." ನಮ್ಮೂರು ಅದಲ್ಲ, ಕರ್ನಾಟಕ ಎಂದೆ. ಅವನು ನಕ್ಕ. "ಹಾಗಾದರೆ ನೀವೂ ನಮ್ಮಂತೆಯೇ" ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾವು ಹಣ ಕೊಟ್ಟು ನೋಡಲು ಹೋದ ಜಾಗದಲ್ಲಿ ಅವನು ಹಣಕ್ಕಾಗಿ ತಿಂಗಳುಗಟ್ಟಲೆ ಇರುತ್ತಾನೆ.

ಲೇಹದಲ್ಲಿ ಎರಡು ದಿನ ವಿಶ್ರಾಂತಿ. ಮಾರ್ಗದರ್ಶಿಯ ಬಳಿ ಒಂದು ಪುಟ್ಟ ಪುಸ್ತಕವಿತ್ತು. ಬೆಳಿಗ್ಗೆ ಬೆಳಿಗ್ಗೆ ಹಾಜರಿ ಹಾಕುವವನಂತೆ ಬಂದು ಕೇಳುವನು: "ತಲೆ ನೋವಿದೆಯೇ? ನಿದ್ದೆ ಬಂತೇ? ಊಟ ಸೇರಿತೇ?" ನಾವು ಸಾಲಾಗಿ "ಚೆನ್ನಾಗಿದ್ದೇವೆ" ಎನ್ನುವೆವು, ಅವನು ಬರೆದುಕೊಳ್ಳುವನು. ನಮ್ಮ ಪೈಕಿ ಹಿರಿಯರೊಬ್ಬರಿದ್ದರು. ಅವರ ಹೆಸರು ಬೇಡ. ಅವರು ಇದೇ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ, ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಎರಡನೆಯ ದಿನ ಅವರು ತಟ್ಟೆಯ ಅನ್ನವನ್ನು ಹಾಗೆಯೇ ಬಿಟ್ಟದ್ದನ್ನು ನಾನು ಕಂಡೆ. ಮರೆಯಲ್ಲಿ ತಲೆನೋವಿನ ಮಾತ್ರೆ ನುಂಗಿದ್ದನ್ನೂ ಕಂಡೆ. ಕೇಳಿದ್ದಕ್ಕೆ, "ಏನಿಲ್ಲ, ಬಸ್ಸಿನ ಆಯಾಸ" ಎಂದರು. ಅವರು ಉಳಿದುಕೊಂಡರೆ ವಾಹನದ ಬಾಡಿಗೆ ನಾಲ್ಕೇ ಪಾಲಾಗುತ್ತದಲ್ಲ ಎಂದು ನನ್ನ ತಲೆಯೊಳಗಿನ ಗುಮಾಸ್ತ ಆಗಲೇ ಲೆಕ್ಕ ಹಾಕಿದ್ದ. ನಾನು ಸುಮ್ಮನಾದೆ. ಮಾರ್ಗದರ್ಶಿಗೆ ಹೇಳಲಿಲ್ಲ. ಈ ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳದೆ ಈ ಭಾಷಣವನ್ನು ಮುಗಿಸಲಾರೆ.

ಶನಿವಾರ ಮಧ್ಯಾಹ್ನ ತ್ಸೊ ಕರ್ ತಲಪಿದೆವು. ಲಡಾಖಿ ಮಾತಿನಲ್ಲಿ 'ತ್ಸೊ' ಎಂದರೆ ಕೆರೆ, 'ಕರ್' ಎಂದರೆ ಬಿಳಿ. ಹೆಸರಿಗೆ ತಕ್ಕಂತೆ ನೀರಿನ ಸುತ್ತ ಬಿಳಿಯ ದಂಡೆ, ಸುಣ್ಣ ಬಳಿದ ಅಂಗಳದ ಹಾಗೆ. ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ದೂರದಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳು ಮೇಯುತ್ತಿದ್ದವು. ಅಲ್ಲಿ ಕಪ್ಪು ಕುತ್ತಿಗೆಯ ಕೊಕ್ಕರೆ ಬಂದು ಗೂಡು ಕಟ್ಟುತ್ತದೆ. ಈ ಕೆರೆಯನ್ನೂ ಇದರ ದಕ್ಷಿಣದ ಸಿಹಿನೀರಿನ ಕೆರೆಯನ್ನೂ ಸೇರಿಸಿ ೨೦೨೦ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಜಗತ್ತಿನಲ್ಲಿ ಕಾಪಾಡಬೇಕಾದ ಜೌಗು ನೆಲಗಳ ಪಟ್ಟಿ ಅದು.

ಸಮುದ್ರವಿಲ್ಲದ ಕಡೆ ಉಪ್ಪು ಎಲ್ಲಿಂದ ಬಂತು? ಸುತ್ತಲಿನ ಬೆಟ್ಟಗಳಿಂದ ನೀರು ಹರಿದು ಬರುತ್ತದೆ, ಕಲ್ಲುಮಣ್ಣಿನ ಲವಣವನ್ನು ಕರಗಿಸಿ ತರುತ್ತದೆ. ಕೆರೆಗೆ ಕೋಡಿಯಿಲ್ಲ, ನೀರು ಹೊರಹೋಗುವ ದಾರಿ ಆಕಾಶವೊಂದೇ. ಬಿಸಿಲು, ಒಣಗಾಳಿ ನೀರನ್ನು ಒಯ್ಯುತ್ತವೆ, ಲವಣವನ್ನು ಬಿಟ್ಟುಹೋಗುತ್ತವೆ. ಕುಮಟೆಯ ಹತ್ತಿರ ಸಾಣಿಕಟ್ಟೆಯ ಗದ್ದೆಗಳಲ್ಲಿ ನಮ್ಮವರು ಸಮುದ್ರದ ನೀರನ್ನು ಕಟ್ಟಿ ಒಣಗಿಸುವಂತೆ ಇಲ್ಲಿ ಬೆಟ್ಟವೇ ಆ ಕೆಲಸ ಮಾಡಿದೆ, ಸಾವಿರಾರು ವರ್ಷ. ಹಿಂದೆ ಕೆರೆ ಇನ್ನೂ ದೊಡ್ಡದಾಗಿತ್ತು. ಅದರ ಹಳೆಯ ದಂಡೆಗಳು ಸುತ್ತಲಿನ ಗುಡ್ಡಗಳ ಮೇಲೆ ಮೆಟ್ಟಿಲಿನಂತೆ ಇಂದಿಗೂ ಕಾಣುತ್ತವೆ.

ಚಾಂಗ್‌ಪಾ ಎಂಬ ಕುರಿಗಾಹಿ ಜನ ಈ ಉಪ್ಪನ್ನು ಕೆರೆದು ಒಟ್ಟುಮಾಡಿ, ಕುರಿಗಳ ಬೆನ್ನ ಮೇಲೆ ಚಿಕ್ಕ ಚೀಲಗಳಲ್ಲಿ ಹೊರಿಸಿ, ಕೆಳಗಿನ ಊರುಗಳಿಗೆ ಒಯ್ದು ಬಾರ್ಲಿಗೆ ಬದಲು ಕೊಡುತ್ತಿದ್ದರು. ಲಾರಿಯಲ್ಲಿ ಅಗ್ಗದ ಉಪ್ಪು ಬಂದ ಮೇಲೆ ಆ ವ್ಯಾಪಾರ ನಿಂತಿತು. ಇಂದು ಅವರನ್ನು ಸಾಕುವುದು ಪಶ್ಮೀನಾ ಮೇಕೆಗಳ ಉಣ್ಣೆ. ದಿನವೂ ಮೂಟೆ ಎಣಿಸುವ ನನಗೆ, ಒಂದು ಕುರಿ ಹೊರುವ ಉಪ್ಪಿನಿಂದ ಒಂದು ಸಂಸಾರದ ಹಿಟ್ಟು ಹುಟ್ಟಬೇಕಾಗಿತ್ತೆಂಬುದು ಬಹಳ ಹೊತ್ತು ಮನಸ್ಸಿನಲ್ಲಿ ನಿಂತಿತು. ಉಪ್ಪೆಂದರೆ ಸಣ್ಣ ವಿಷಯವಲ್ಲ. ೧೯೩೦ರಲ್ಲಿ ಅಂಕೋಲೆಯ ಕಡಲತೀರದಲ್ಲಿ ನಮ್ಮ ಹಿರಿಯರು ಅದಕ್ಕಾಗಿಯೇ ಕಾನೂನು ಮುರಿದು ಸೆರೆಮನೆಗೆ ಹೋದರು.

ರಾತ್ರಿ ಡೇರೆಯಲ್ಲಿ ಬಿಸಿ ಅನ್ನ. ಅಲ್ಲಿ ನೀರು ಸುಮಾರು ೮೫ ಡಿಗ್ರಿಗೇ ಕುದಿಯುವುದರಿಂದ ಕುಕ್ಕರಿಲ್ಲದೆ ಅಕ್ಕಿ ಬೇಯುವುದಿಲ್ಲ. ಊರಿನ ಚಟ್ನಿಪುಡಿ ಬಿಚ್ಚಿದೆವು. ನಮ್ಮ ಹಿರಿಯರು ಒಂದು ತುತ್ತೂ ತಿನ್ನಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಒಣಕೆಮ್ಮು ಹತ್ತಿತು. ಮಲಗಿದರೆ ಉಸಿರು ಸಿಗದೆಂದು ಎದ್ದು ಕೂತರು. ಹೊರಗೆ ಹೋಗಲು ಎದ್ದವರು ಸ್ವೆಟರಿನ ಗುಂಡಿ ಹಾಕಲಾರದೆ ತಡವರಿಸುವುದನ್ನು ಕಂಡು ನನಗೆ ದಿಗಿಲಾಯಿತು. ಓಡಿಹೋಗಿ ಮಾರ್ಗದರ್ಶಿಯನ್ನು ಎಬ್ಬಿಸಿದೆ. ಲೇಹದ ಮಾತ್ರೆಯ ಸಂಗತಿಯನ್ನೂ ಆಗ ಬಾಯಿಬಿಟ್ಟೆ.

ಅವನು ನನ್ನನ್ನು ಬಯ್ಯಲಿಲ್ಲ. ನೆಲದ ಮೇಲೆ ಹಗ್ಗವೊಂದನ್ನು ಹಾಸಿ, ಹಿಮ್ಮಡಿಗೆ ಬೆರಳು ತಾಗಿಸುತ್ತ ಅದರ ಮೇಲೆ ನಡೆಯಿರೆಂದು ಅವರಿಗೆ ಹೇಳಿದ. ಎರಡು ಹೆಜ್ಜೆಗೆ ವಾಲಿದರು. ಬೆರಳಿಗೆ ಚಿಕ್ಕ ಯಂತ್ರ ಸಿಕ್ಕಿಸಿ ನೋಡಿದ. ನಮಗೆಲ್ಲ ೮೦ರ ಆಸುಪಾಸು ತೋರಿಸಿದ್ದು ಅವರಿಗೆ ೬೦ ತೋರಿಸಿತು. "ಬೆಳಗಾಗುವವರೆಗೆ ಕಾಯುವಂತಿಲ್ಲ, ಈಗಲೇ ಇಳಿಯಬೇಕು" ಎಂದ. ಮೊಬೈಲಿಗೆ ಸಂಕೇತವಿಲ್ಲ. ಸಿಲಿಂಡರಿನ ಪ್ರಾಣವಾಯು ಮೂಗಿಗೆ ಹಚ್ಚಿ, ಐದೇ ನಿಮಿಷದಲ್ಲಿ ವಾಹನ ಹೊರಡಿಸಿದ.

ಆಗ ನನಗೆ ಅವನ ಜಿಸ್ಪಾದ ಹಟ ಅರ್ಥವಾಯಿತು. ನಮ್ಮ ಘಟ್ಟದಲ್ಲಿ ಇಳಿಯಬೇಕಾದರೆ ಇಳಿದರಾಯಿತು. ಅಲ್ಲಿ ಹಾಗಲ್ಲ. ಆ ಬಯಲು ಒಂದು ತಟ್ಟೆಯಿದ್ದಂತೆ, ಸುತ್ತ ಅಂಚು. ಕೆರೆಯಿಂದ ಲೇಹದ ಕಡೆಗೆ ಇಳಿಯಬೇಕಾದರೆ ಮೊದಲು ೫,೩೦೦ ಮೀಟರಿನ ತಂಗ್ಲಾಂಗ್ ಲಾ ಹತ್ತಬೇಕು. ಉಸಿರಿಲ್ಲದವನನ್ನು ಇನ್ನೂ ಉಸಿರಿಲ್ಲದ ಕಡೆಗೆ ಹೊತ್ತು ದಾಟಿಸಬೇಕು. ನಾನು ದಾರಿಯಲ್ಲೇ ತಂಗೋಣವೆಂದು ಉಳಿಸಿದ ಎರಡು ದಿನಗಳಲ್ಲಿ ಈ ಹತ್ತುದಾರಿ ಲೆಕ್ಕಕ್ಕೇ ಬಂದಿರಲಿಲ್ಲ. ಕತ್ತಲಲ್ಲಿ ಅವರ ತಲೆಯನ್ನು ನನ್ನ ಭುಜಕ್ಕಾನಿಸಿಕೊಂಡು ಕೂತಿದ್ದೆ. ಕಣಿವೆದಾರಿಯ ನೆತ್ತಿಯಲ್ಲಿ ಅವರ ಉಸಿರಿನೊಳಗೆ ನೀರು ಗುಳುಗುಳು ಅನ್ನುವ ಸದ್ದು ಕೇಳಿಸಿತು. ಆ ಸದ್ದು ಇವತ್ತಿಗೂ ಕೆಲವು ರಾತ್ರಿ ಕೇಳಿಸುತ್ತದೆ. ರುಮ್ತ್ಸೆ ದಾಟಿ, ಉಪ್ಶಿಯಲ್ಲಿ ಸಿಂಧೂ ನದಿಯ ಕಣಿವೆಗೆ ಬಂದ ಮೇಲೆ ಕೆಮ್ಮು ಸ್ವಲ್ಪ ತಗ್ಗಿತು. ನಸುಕಿನ ನಾಲ್ಕು ಗಂಟೆಗೆ ಲೇಹದ ಆಸ್ಪತ್ರೆ.

ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಮಿದುಳಿಗೂ ತಗಲುವುದರಲ್ಲಿತ್ತು ಎಂದರು ವೈದ್ಯರು. ಇನ್ನೊಂದು ರಾತ್ರಿ ಮೇಲಿದ್ದಿದ್ದರೆ ಎಂದು ಆರಂಭಿಸಿದವರು ವಾಕ್ಯ ಮುಗಿಸಲಿಲ್ಲ. ಮೂರನೆಯ ದಿನ ಅವರು ಎದ್ದು ಕೂತು ಚಹಾ ಕೇಳಿದರು. ಆಗ ಕೇಳಿದೆ: ಏಕೆ ಹೇಳಲಿಲ್ಲ? ಅವರೆಂದದ್ದು ಇಷ್ಟೇ: "ನನ್ನೊಬ್ಬನಿಂದ ನಾಲ್ವರ ದುಡ್ಡು ಹಾಳಾಗಬಾರದೆಂದು. ಅಲ್ಲದೆ, ಹೇಳಿ ಅಭ್ಯಾಸವೇ ಇಲ್ಲವಲ್ಲ."

ಬಂಧುಗಳೇ, ನಾನು ಹೇಳಬೇಕೆಂದು ಬಂದದ್ದು ಈ ಕೊನೆಯ ಮಾತನ್ನೇ. ಹೇಳಿ ಅಭ್ಯಾಸವಿಲ್ಲ. ಊರು ಬಿಟ್ಟು ಬಂದ ನಾವೆಲ್ಲ ಜ್ವರವಿದ್ದರೂ ಹಾಜರಿ ಹಾಕುವವರು. ಮನೆಗೆ ಫೋನು ಮಾಡಿದರೆ ಮೊದಲ ಮಾತು, "ನಾನಿಲ್ಲಿ ಕ್ಷೇಮ." ತಾಳಿದವನು ಬಾಳಿಯಾನು ಎಂದು ಕಲಿತವರು. ನಗರದಲ್ಲಿ ಆ ಗಾದೆ ನಮ್ಮನ್ನು ನಡೆಸಿದೆ, ಇಲ್ಲವೆನ್ನುವುದಿಲ್ಲ. ಆದರೆ ಬೆಟ್ಟದ ಮೇಲೆ ತಾಳಿದವನು ಬಾಳುವುದಿಲ್ಲ, ಹೇಳಿದವನು ಬಾಳುತ್ತಾನೆ. ಆ ಪುಟ್ಟ ಪುಸ್ತಕ ಹಿಡಿದು ಬೆಳಿಗ್ಗೆ ಬೆಳಿಗ್ಗೆ ಕೇಳುತ್ತಿದ್ದ ಹುಡುಗನಿಗೆ ನಾವು ಐವರೂ ಸುಳ್ಳು ಹಾಜರಿ ಬರೆಸಿದೆವು. ಮಾರ್ಗದರ್ಶಿ ಎಷ್ಟೇ ಜಾಣನಿದ್ದರೂ ನಮ್ಮ ತಲೆಯೊಳಗಿನ ನೋವು ಅವನಿಗೆ ಕಾಣದು.

ಹೋಗುವವರಿಗೆ ನಾಲ್ಕು ಮಾತು. ದೆಹಲಿಯಿಂದ ವಿಮಾನದಲ್ಲಿ ಹೋದರೆ ಒಂದೂಕಾಲು ಗಂಟೆಯಲ್ಲಿ ಲೇಹ. ಆದರೆ ಇಳಿದ ಮೇಲೆ ಕನಿಷ್ಠ ಎರಡು ದಿನ ಸುಮ್ಮನಿರಬೇಕು, ಆ ಎರಡು ದಿನವನ್ನು ಟಿಕೆಟಿನ ಬೆಲೆಯೆಂದೇ ತಿಳಿಯಿರಿ. ಹೃದಯ, ಶ್ವಾಸಕೋಶದ ತೊಂದರೆಯಿರುವವರು ಮೊದಲು ವೈದ್ಯರನ್ನು ಕಾಣಬೇಕು. ಎತ್ತರಕ್ಕೆ ಕೊಡುವ ಮಾತ್ರೆಯನ್ನೂ ಅವರನ್ನು ಕೇಳದೆ ನುಂಗಬಾರದು. ತಲೆನೋವಿನೊಂದಿಗೆ ವಾಂತಿ, ಸುಸ್ತು, ತಲೆಸುತ್ತು ಇದ್ದರೆ ಇನ್ನೂ ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು, ತೂರಾಟ, ಗಲಿಬಿಲಿ ಕಂಡರೆ ಹಗಲಿರಲಿ ರಾತ್ರಿಯಿರಲಿ ಕೆಳಗಿಳಿಯಿರಿ. ವಾಹನದಲ್ಲಿ ಪ್ರಾಣವಾಯುವಿನ ಸಿಲಿಂಡರು ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ನಾವು ಕೇಳಿರಲಿಲ್ಲ, ನಮ್ಮ ಪುಣ್ಯಕ್ಕೆ ಇತ್ತು. ಎತ್ತರವೇ ಬೇಡವೆನ್ನುವವರಿಗೆ ಚಳಿಗಾಲದಲ್ಲಿ ಗುಜರಾತಿನ ಕಚ್ಛದ ಬಿಳಿಯ ರಣವಿದೆ. ಅಲ್ಲಿನ ಉಪ್ಪಿನ ಬಯಲು ಸಮುದ್ರದ ಮಟ್ಟದಲ್ಲೇ ಇರುವುದರಿಂದ ಉಸಿರಿಗೆ ಮೋಸವಿಲ್ಲ.

ಕೊನೆಯದಾಗಿ ಒಂದು ವಿಷಯ. ಪ್ರವಾಸಕ್ಕೆ ಕೂಡಿಟ್ಟ ಹಣದಲ್ಲಿ ಉಳಿದಿದ್ದುದನ್ನು ನಾವು ಹಂಚಿಕೊಂಡಿಲ್ಲ. ಮುಂದಿನ ತಂಡದಲ್ಲಿ ಯಾರಾದರೂ ದಾರಿಯಲ್ಲಿ ಕಾಯಿಲೆ ಬಿದ್ದು ಹಿಂದುಳಿದರೆ ಅವರ ಪಾಲು ಈ ಹಣದಿಂದ ತುಂಬುತ್ತದೆ, ಉಳಿದವರ ತಲೆಗೆ ಬೀಳುವುದಿಲ್ಲ. ಇದನ್ನು ಸೂಚಿಸಿದವರು ಹಿಂದಿನ ಬೆಂಚಿನ ನಮ್ಮ ಹಿರಿಯರೇ. ಲೆಕ್ಕದ ಪುಸ್ತಕ ವಾಚನಾಲಯದ ಬೀರುವಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಅದರ ಪಕ್ಕದಲ್ಲೇ ಒಂದು ಚಿಟಿಕೆ ಬಿಳಿಯ ಉಪ್ಪು ಕಾಗದದ ಪೊಟ್ಟಣದಲ್ಲಿದೆ. ನನ್ನ ಬೂಟಿನ ಅಡಿಗೆ ಅಂಟಿಕೊಂಡು ಬಂದದ್ದು. ಅದನ್ನೂ ನೋಡಬಹುದು, ನೆಕ್ಕಬೇಡಿ.